ಸತ್ತವರ ಹೆಬ್ಬೆಟ್ಟು

ಎಂಬತ್ತರ ದಶಕದ ಆರಂಭದಲ್ಲಿ ನಾನು ತಾಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿದ್ದೆ. ಯಾವ ತಾಲೂಕು ಎಂದು ಕೇಳಬೇಡಿ. ಪುತ್ತೂರಿನಲ್ಲೂ ಕೆಲಸ ಮಾಡಿದ್ದೇನೆ, ಸುಳ್ಯದಲ್ಲೂ ಮಾಡಿದ್ದೇನೆ. ಈ ಕತೆ ನಡೆದ ಊರು ಕಡಬದ ಕಡೆಯದ್ದೆಂದು ಕೆಲವರು ಊಹಿಸಿಯಾರು, ಇನ್ನು ಕೆಲವರು ಕೊಲ್ಲಮೊಗ್ರಿನ ದಾರಿ ಹಿಡಿದಾರು. ಹಿಡಿಯಲಿ. ಆ ಮನೆಯ ಮೊಮ್ಮಕ್ಕಳು ಈಗಲೂ ಪೇಟೆಯಲ್ಲಿ ಸಿಕ್ಕಿದರೆ ನನಗೆ ನಮಸ್ಕಾರ ಹೇಳುತ್ತಾರೆ, ಅದನ್ನು ಕಳೆದುಕೊಳ್ಳುವ ಮನಸ್ಸು ನನಗಿಲ್ಲ.

ನನ್ನ ಮೇಜಿಗೆ ಬಂದದ್ದು ವೃದ್ಧಾಪ್ಯ ವೇತನದ ಫೈಲುಗಳು. ಯಾರಿಗೂ ಬೇಡದ ವಿಭಾಗ ಅದು. ಜಮೀನಿನ ಫೈಲು ನೋಡುವವರ ಮೇಜಿನ ಮುಂದೆ ಬಿಳಿ ಪಂಚೆಯವರು ನಿಂತಿರುತ್ತಿದ್ದರು. ಹೋಟೆಲಿನಿಂದ ಚಾ ಬರುತ್ತಿತ್ತು, ಗೋಳಿಬಜೆ ಬರುತ್ತಿತ್ತು. ನನ್ನ ಮೇಜಿನ ಮುಂದೆ ಮುದುಕಿಯರು ನೆಲದ ಮೇಲೆ ಕಾಲು ಚಾಚಿ ಕೂತಿರುತ್ತಿದ್ದರು. ಅವರು ತರುತ್ತಿದ್ದದ್ದು ಹೆಚ್ಚೆಂದರೆ ಒಂದು ಕಟ್ಟು ಬಸಳೆ. ಅದನ್ನೂ ನಾನು ವಾಪಸು ಕೊಡುತ್ತಿದ್ದೆ, ಅವರು ಬೇಸರ ಮಾಡಿಕೊಂಡು ಮೇಜಿನ ಕಾಲಿನ ಹತ್ತಿರ ಇಟ್ಟು ಹೋಗುತ್ತಿದ್ದರು.

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಕಚೇರಿಗೆಲ್ಲ ಗೊತ್ತಿತ್ತು. ಒಮ್ಮೆ ಪೇಪರ್‌ವೇಟನ್ನು ಮೇಜಿಗೆ ಕುಕ್ಕಿ ಗಾಜು ಒಡೆದಿದ್ದೆ. ಅದಕ್ಕೇ ಈ ವಿಭಾಗ ನನಗೆ ಬಂತು. ಮುದುಕಿಯರ ಮೇಲೆ ಎಷ್ಟು ಹೊತ್ತು ಸಿಟ್ಟು ಮಾಡಲು ಸಾಧ್ಯ ಎಂದು ಮೇಲಿನವರು ಲೆಕ್ಕ ಹಾಕಿರಬೇಕು. ಆದರೆ ನನ್ನ ಸಿಟ್ಟಿಗೆ ಅಲ್ಲೂ ಕೆಲಸ ಸಿಕ್ಕಿತು.

ಆಗ ನಡೆಯುತ್ತಿದ್ದ ಕ್ರಮ ಹೀಗೆ. ವೇತನ ಪಡೆಯುವವರ ಪಟ್ಟಿ ಒಂದಿತ್ತು. ಅದರಲ್ಲಿ ಒಬ್ಬರು ತೀರಿಕೊಂಡರೆ ಮಾತ್ರ ಕಾಯುತ್ತಿರುವ ಇನ್ನೊಬ್ಬರಿಗೆ ಜಾಗ. ಹಣ ಅಂಚೆಯ ಮೂಲಕ ಮನಿಯಾರ್ಡರಾಗಿ ಮನೆಗೆ ಹೋಗುತ್ತಿತ್ತು. ಪಡೆದವರ ಹೆಬ್ಬೆಟ್ಟು ಒತ್ತಿದ ಚೀಟಿ ನಮ್ಮ ಕಚೇರಿಗೆ ಹಿಂದಿರುಗುತ್ತಿತ್ತು. ವರ್ಷಕ್ಕೊಮ್ಮೆ ಆಯಾ ಊರಿನ ಗ್ರಾಮ ಲೆಕ್ಕಿಗರು ಪಟ್ಟಿಯ ಪ್ರತಿ ಹೆಸರಿನ ಮುಂದೆ 'ಬದುಕಿದ್ದಾರೆ' ಎಂದು ಬರೆದು ಸಹಿ ಹಾಕಬೇಕಿತ್ತು. ಮನೆ ಮನೆಗೆ ಹೋಗಿ ಬರೆಯುವವರೂ ಇದ್ದರು, ಚಾ ಕುಡಿಯುತ್ತಾ ಕೂತಲ್ಲೇ ಬರೆಯುವವರೂ ಇದ್ದರು.

ಆ ವರ್ಷ ಮಳೆಗಾಲದ ನಡುವೆ ಒಬ್ಬ ಹೆಂಗಸು ನನ್ನ ಮೇಜಿಗೆ ಬಂದಳು. ಬೀಡಿ ಕಟ್ಟುವವಳು. ಗಂಡ ಸತ್ತು ಎಷ್ಟೋ ವರ್ಷ, ಮಕ್ಕಳಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎಲೆ ಕತ್ತರಿಸುವುದು ಓರೆಯಾಗಿ, ಕಟ್ಟು ಸಡಿಲವಾಗಿ, ಬೀಡಿ ಲೆಕ್ಕ ಮಾಡಿ ಕೊಳ್ಳುವ ಬ್ರಾಂಚಿನವರು ಅವಳ ಬೀಡಿಯಲ್ಲಿ ಅರ್ಧಕ್ಕರ್ಧ ಮುರಿದು ಹಾಕುತ್ತಿದ್ದರು. ಅರ್ಜಿ ಕೊಟ್ಟು ಎರಡು ವರ್ಷವಾಗಿತ್ತು. ಅರ್ಜಿ ಸರಿಯಾಗಿಯೇ ಇತ್ತು, ಜಾಗ ಮಾತ್ರ ಇರಲಿಲ್ಲ.

"ಅಮ್ಮಾ, ಇನ್ನು ಎಷ್ಟು ದಿನ ಉಂಟು?" ಎಂದು ಕೇಳಿದಳು.

"ನಿಮ್ಮ ಊರಿನ ಪಟ್ಟಿಯಲ್ಲಿ ಯಾರಾದರೂ ಹೋದರೆ ನಿಮಗೆ ಸಿಗ್ತದೆ. ಯಾರೂ ಹೋಗಿಲ್ಲ," ಎಂದೆ. ಹೇಳುವಾಗಲೇ ನಾಚಿಕೆಯಾಯಿತು. ಇನ್ನೊಬ್ಬರ ಸಾವಿಗೆ ಕಾಯಿರಿ ಎಂದ ಹಾಗಾಯಿತಲ್ಲ.

ಅವಳು ಏನೋ ಹೇಳಲು ಹೊರಟು ಬಾಯಿ ಮುಚ್ಚಿಕೊಂಡಳು. ಆಮೇಲೆ, "ಅಣ್ಣನ ಮಗ ಕರೀತಾ ಇದ್ದಾನೆ. ಆಟಿಯಲ್ಲಿ ಮನೆ ಬಿಡುದು ಒಳ್ಳೇದಲ್ಲ ಅಂತ ಸುಮ್ಮನಿದ್ದಾನೆ. ಸೋಣ ಬಂದ ಕೂಡಲೇ ಕರ್ಕೊಂಡು ಹೋಗ್ತಾನೆ," ಎಂದಳು.

ಆಟಿ ನಮ್ಮ ತುಳುವರ ಕಷ್ಟದ ತಿಂಗಳು. ಆಗ ಮದುವೆ ಇಲ್ಲ, ಮನೆಯೊಕ್ಕಲು ಇಲ್ಲ. ಅದು ಮುಗಿದು ಸೋಣ ಬಂದ ಮೇಲೆ ಎಲ್ಲ ಶುರು.

"ಅಣ್ಣನ ಮಗ ನೋಡಿಕೊಳ್ಳುದಾದರೆ ಒಳ್ಳೇದೇ ಅಲ್ವಾ?" ಎಂದೆ.

"ಹಿಂದೆ ಒಂದು ಸಲ ಹೋಗಿದ್ದೆ ಅಮ್ಮಾ. ಅವನು ಒಳ್ಳೆಯವನೇ. ಆದರೆ ನಾನು ಹಿಂದಿನ ಜಗಲಿಯಲ್ಲಿ ಕೂತು, ಎಲ್ಲರದ್ದೂ ಆದ ಮೇಲೆ ಗಂಜಿ ಬರುವವರೆಗೆ ಕಾಯುದು. ಕಣ್ಣು ಕಾಣದವಳು ಅಂತ ಒಲೆ ಮುಟ್ಟಲಿಕ್ಕೆ ಬಿಡುದಿಲ್ಲ. ನನ್ನ ಗುಡಿಸಲಲ್ಲಿ ನನ್ನ ಒಲೆ ಕತ್ತಲೆಯಲ್ಲೂ ನನಗೆ ಗೊತ್ತುಂಟು. ನನ್ನ ಒಲೆಯಲ್ಲಿ ನನ್ನ ಗಂಜಿ. ಅಷ್ಟೇ."

ಅಷ್ಟೇ ಎಂದವಳು ಎದ್ದು, ಗೋಡೆ ಸವರಿಕೊಂಡು ಹೊರಗೆ ಹೋದಳು. ಆ ದಿನ ನನಗೆ ಊಟ ಸೇರಲಿಲ್ಲ. ಅವಳ ಊರಿನ ಹಳೆಯ ಚೀಟಿಗಳ ಕಟ್ಟನ್ನು ಕಪಾಟಿನಿಂದ ಇಳಿಸಿ ಧೂಳು ಕೊಡವಿದೆ. ಏನು ಹುಡುಕುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

ಒಂದೊಂದು ಹೆಬ್ಬೆಟ್ಟಿಗೂ ಒಂದೊಂದು ಮುಖ ಇರುತ್ತದೆ. ತಿಂಗಳು ತಿಂಗಳು ನೋಡಿ ನೋಡಿ ನನಗೆ ಕೆಲವು ಪರಿಚಯವಾಗಿದ್ದವು. ಅಡಿಕೆ ಸುಲಿಯುವವರದ್ದು ಕಪ್ಪಾಗಿ ಒಡೆದಿರುತ್ತದೆ, ಬೀಡಿಯವರದ್ದು ಸವೆದು ನುಣ್ಣಗಾಗಿರುತ್ತದೆ. ಆ ಊರಿನ ದೊಡ್ಡ ಮನೆಯ ಅಮ್ಮನವರ ಹೆಸರಿನ ಚೀಟಿಗಳನ್ನು ವರ್ಷದ ಕ್ರಮದಲ್ಲಿ ಜೋಡಿಸಿದಾಗ ಕಣ್ಣು ಅಲ್ಲೇ ನಿಂತಿತು. ಹಳೆಯ ಚೀಟಿಗಳಲ್ಲಿ ಹೆಬ್ಬೆರಳಿನ ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವಾಗ ಎಂದೋ ಆದ ಗಾಯದ್ದಿರಬೇಕು. ಎರಡು ವರ್ಷದ ಹಿಂದೆ, ಒಂದು ತಿಂಗಳಿನಿಂದ ಮುಂದಕ್ಕೆ, ಆ ಗೆರೆ ಇಲ್ಲ. ಸುಳಿ ಕೂಡ ಬೇರೆ. ಸವೆದಿದ್ದ ಮುದುಕಿಯ ಬೆರಳು ಮತ್ತೆ ಪ್ರಾಯಕ್ಕೆ ಬಂದಿತ್ತು!

ಪಕ್ಕದ ಮೇಜಿನಿಂದ ಭೂತಗನ್ನಡಿ ತಂದು ನೋಡಿದೆ. ಅನುಮಾನವೇ ಇಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಒಬ್ಬಳೇ ನಕ್ಕೆ. ಜವಾನ ನನ್ನನ್ನು ವಿಚಿತ್ರವಾಗಿ ನೋಡಿದ.

ದೊಡ್ಡ ಮನೆ ಎಂದರೆ ದೊಡ್ಡದೇ. ಅವರಿಗೆ ಬಡವರ ವೇತನ ಹೇಗೆ ಸಿಕ್ಕಿತು ಎಂದರೆ, ಅಮ್ಮನವರ ಹೆಸರಿನಲ್ಲಿ ಆಸ್ತಿ ಏನೂ ಇಲ್ಲ ಎಂಬ ಕಾಗದದ ಮೇಲೆ. ಕಾಗದ ನಿಜವೇ ಹೇಳುತ್ತಿತ್ತು. ಆಸ್ತಿಯೆಲ್ಲ ಮಗನ ಹೆಸರಿನಲ್ಲಿತ್ತು, ಮಗ ಮಾತ್ರ ಆ ಕಾಗದದಲ್ಲಿರಲಿಲ್ಲ.

ಹೆಡ್‌ಗುಮಾಸ್ತರಿಗೆ ತೋರಿಸಿದೆ. ಅವರು ಚೀಟಿಗಳನ್ನು ದೂರ ಹಿಡಿದು ನೋಡಿ, "ಎಂತಕ್ಕೆ ಅಮ್ಮಾ ಇದೆಲ್ಲ? ಅವರ ಮನೆ ಗೊತ್ತುಂಟಲ್ಲ ನಿಮಗೆ? ಕೈ ಹಾಕಿದ್ರೆ ಕೈಯೇ ಹೋದೀತು," ಎಂದರು. ನಾನು ಚೀಟಿಗಳನ್ನು ಅವರ ಕೈಯಿಂದ ಕಿತ್ತುಕೊಂಡು ತಹಶೀಲ್ದಾರರ ಕೋಣೆಗೆ ಹೋದೆ.

ತಹಶೀಲ್ದಾರರು ಘಟ್ಟದ ಮೇಲಿನವರು, ನ್ಯಾಯವಾದ ಮನುಷ್ಯ, ಆದರೆ ಎಚ್ಚರಿಕೆಯವರು. ನಾನು ತನಿಖೆಗೆ ಹೋಗುತ್ತೇನೆ ಎಂದಾಗ ಬೇಡವೆನ್ನಲಿಲ್ಲ. ಊರಿನ ಉಗ್ರಾಣಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಎಂದರು. ಉಗ್ರಾಣಿ ಎಂದರೆ ಕಚೇರಿಯ ನೋಟೀಸು ಹಿಡಿದುಕೊಂಡು ಮನೆ ಮನೆ ತಿರುಗುವ ಊರ ನೌಕರ. ಆ ಊರಿನ ಉಗ್ರಾಣಿಗೆ ನನ್ನ ಅಪ್ಪನ ಪ್ರಾಯ, ನಡೆಯುವುದು ಮಾತ್ರ ನನಗಿಂತ ವೇಗ.

ಮನೆಯ ಯಜಮಾನರು ಜಗಲಿಯಲ್ಲಿ ಕೂತಿದ್ದರು. ಅಮ್ಮನವರ ಮಗ ಅವರೇ. ಬಂದ ವಿಷಯ ಹೇಳಿದೆ. ಅವರು ಸ್ವಲ್ಪವೂ ಅಲುಗಾಡಲಿಲ್ಲ. ಒಳಕೋಣೆಗೆ ಕರೆದುಕೊಂಡು ಹೋದರು. ಕತ್ತಲೆ ಕೋಣೆಯಲ್ಲಿ ಮಂಚದ ಮೇಲೆ ಒಬ್ಬ ವೃದ್ಧೆ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಅಮ್ಮ. ಎದ್ದೇಳುದಿಲ್ಲ, ಮಾತಿಲ್ಲ," ಎಂದರು ಯಜಮಾನರು.

ನಾನು ಶಾಯಿಯ ಪ್ಯಾಡು ತೆಗೆದೆ. ಕಂಬಳಿಯೊಳಗಿನಿಂದ ಕೈ ತಾನಾಗಿಯೇ ಹೊರಗೆ ಬಂತು. ಬೆರಳೊತ್ತಿಸಿಕೊಂಡೆ. ಹೊರಗೆ ಬಂದು ಬೆಳಕಿಗೆ ಹಿಡಿದು ನೋಡಿದರೆ, ಎರಡು ವರ್ಷದಿಂದ ಬರುತ್ತಿದ್ದ ಹೊಸ ಹೆಬ್ಬೆಟ್ಟಿನದ್ದೇ ಗುರುತು. ಈ ಚೀಟಿಗಳ ಬೆರಳು ಇವರದ್ದೇ ಎಂದು ಸಾಬೀತಾಯಿತು. ಆದರೆ ಇವರು ಯಾರು? ಅದನ್ನು ಬೆರಳು ಹೇಳುವುದಿಲ್ಲ.

"ಸರಕಾರ ನನ್ನ ಗದ್ದೆ ತೆಗೆದುಕೊಂಡಿತು," ಎಂದರು ಯಜಮಾನರು ನನ್ನನ್ನೇ ನೋಡುತ್ತಾ. "ಭೂಮಸೂದೆ ಬಂತು, ಒಕ್ಕಲಿನವರೆಲ್ಲ ಡಿಕ್ಲರೇಶನ್ ಕೊಟ್ರು, ಹೋಯ್ತು. ಈಗ ಅಮ್ಮನ ಬೆರಳೂ ಬೇಕಾ ನಿಮಗೆ?"

ಇಂಗು ತಿಂದ ಮಂಗನ ಹಾಗೆ ಗದ್ದೆಯ ಬದುವಿನಲ್ಲಿ ವಾಪಸು ಬಂದೆ. ಉಗ್ರಾಣಿ ಹಿಂದಿನಿಂದ ಬರುತ್ತಾ ಒಂದೇ ಸಮನೆ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮು ಇರಲಿಲ್ಲ, ಹೇಳಲಾಗದ ಮಾತು ಗಂಟಲಲ್ಲಿತ್ತು. ನಾನು ಕೇಳಿದೆ. "ನನಗೆ ಎಂತದೂ ಗೊತ್ತಿಲ್ಲ ಅಮ್ಮ. ನನ್ನ ಮನೆ ಇರುದು ಅವರ ಜಾಗದಲ್ಲಿ, ತೋಟದ ಕರೆಯಲ್ಲಿ," ಎಂದ. ಅಷ್ಟು ಹೇಳಿದ್ದೇ ಸಾಕಾಗಿತ್ತು.

ನಾಲ್ಕು ದಿನದಲ್ಲಿ ಯಜಮಾನರ ದೂರು ತಹಶೀಲ್ದಾರರ ಮೇಜಿಗೆ ಬಂತು. ಹಾಸಿಗೆ ಹಿಡಿದ ವೃದ್ಧ ತಾಯಿಯನ್ನು ನಿಮ್ಮ ಕಚೇರಿಯ ಹೆಂಗಸು ಬಂದು ಕಳ್ಳಿಯಂತೆ ಕಂಡಳು ಎಂದು. ತಹಶೀಲ್ದಾರರು ನನ್ನನ್ನು ಕೂರಿಸಿ ಹೇಳಿದರು. ನಿಮ್ಮ ಭೂತಗನ್ನಡಿ ಸಾಕ್ಷಿಯಲ್ಲ. ಹಳೆಯ ಗಾಯ ಮಾಯ್ದಿರಬಹುದು ಎಂದು ಅವರು ವಾದಿಸಿದರೆ ನಾನೇನು ಹೇಳಲಿ? ಪಂಚಾಯತಿನಲ್ಲಿ ಮರಣ ನೋಂದಣಿಯಾಗಿಲ್ಲ. ಗ್ರಾಮ ಲೆಕ್ಕಿಗರು ಬದುಕಿದ್ದಾರೆ ಎಂದು ಸಹಿ ಹಾಕಿದ್ದಾರೆ. ಊರಿನ ಒಬ್ಬನೂ ಬಾಯಿ ಬಿಡುವುದಿಲ್ಲ. "ಮಗನ ಕೈಯಿಂದಲೇ ಒಂದು ಹೇಳಿಕೆ ಬರೆಸ್ಕೊಂಡು ಬನ್ನಿ. ತಾಯಿ ಬದುಕಿದ್ದಾರೆ ಅಂತ ಬರೆದುಕೊಟ್ರೆ ಫೈಲು ಮುಚ್ಚೋಣ. ಇನ್ನೊಂದು ದೂರು ಬಂದ್ರೆ ನಿಮ್ಮನ್ನ ಇಲ್ಲಿ ಉಳಿಸ್ಕೊಳ್ಳೋದು ನನಗೆ ಕಷ್ಟ ಆಗುತ್ತೆ."

ಯಜಮಾನರು ಬರೆದು ಕೊಡುತ್ತಾರೆ, ಅದರಲ್ಲೇನಿದೆ? ಒಂದು ಸಾಲು ಗೀಚಿ ಮುಖದ ಮೇಲೆ ಎಸೆದಾರು. ಅಲ್ಲಿಗೆ ಬೀಡಿಯವಳ ಕತೆ ಮುಗಿಯಿತು. ಆಗಲೇ ಆಟಿ ಶುರುವಾಗಿ ಒಂದು ವಾರವಾಗಿತ್ತು.

ಆ ಭಾನುವಾರ ಪುತ್ತೂರಿನ ನಮ್ಮ ಮನೆಯಲ್ಲಿ ಸತ್ತವರಿಗೆ ಬಡಿಸುವ ದಿನ. ಆಟಿಯಲ್ಲಿ ನಮ್ಮವರೆಲ್ಲರ ಮನೆಯಲ್ಲೂ ಇರುತ್ತದೆ. ಮನೆಯಿಂದ ಹೋದ ಹಿರಿಯರಿಗೆ ಒಬ್ಬೊಬ್ಬರಿಗೆ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಊಟಕ್ಕೆ ಕರೆಯುವುದು. ಆಮೇಲೆ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರಬೇಕು. ಒಳಗೆ ಅವರು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆಯುವುದು. ಎಲೆ ಲೆಕ್ಕ ಮಾಡುವಾಗ ನಾನು ಯೋಚನೆಯಲ್ಲಿ ಮುಳುಗಿ ಒಂದು ಎಲೆ ಕಡಿಮೆ ಹಾಕಿದ್ದೆ, ನನ್ನ ದೊಡ್ಡಪ್ಪನದ್ದು. ಅಮ್ಮ ಹಿಂದಿನಿಂದ ಬಂದು ತಲೆಗೆ ಮೊಟಕಿದಳು.

"ನಿನ್ನ ಕಚೇರಿಯ ಹಾಗೆ ಮಾಡಿದ್ಯಾ ಇಲ್ಲಿ? ಸರಕಾರಕ್ಕೆ ಒಂದು ಕಡಿಮೆ ಮಾಡಿದ್ರೆ ನಡೀತದೆ. ಸತ್ತವರಿಗೆ ಎಲೆ ತಪ್ಪಿಸುವವರು ಯಾರಾದ್ರೂ ಉಂಟಾ ಈ ಸೀಮೆಯಲ್ಲಿ?"

ನಾನು ಎಲೆ ಹಿಡಿದುಕೊಂಡು ಹಾಗೆಯೇ ನಿಂತೆ. ಅಮ್ಮನ ಮುಖ ನೋಡಿದೆ. "ಇಲ್ಲ ಅಮ್ಮಾ, ಯಾರೂ ಇಲ್ಲ," ಎಂದೆ. ನಾನು ನಗುವುದು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಅವಳ ಸಿಟ್ಟೇ ನನಗೆ ಬಂದಿರುವುದು.

ಮರುದಿನ ಪೇಟೆಗೆ ಬಂದಿದ್ದ ಉಗ್ರಾಣಿಯನ್ನು ಹಿಡಿದೆ. ದೊಡ್ಡ ಮನೆಯ ವಿಷಯ ಕೇಳಲಿಲ್ಲ. "ಆ ಮನೆಯಲ್ಲಿ ಆಟಿಯ ಬಡಿಸುದು ಯಾವತ್ತು?" ಎಂದು ಮಾತ್ರ ಕೇಳಿದೆ. ಇದರಲ್ಲಿ ಹೇಳಬಾರದ್ದು ಏನೂ ಇಲ್ಲವಲ್ಲ. "ಬರುವ ವಾರ, ಮಂಗಳವಾರ," ಎಂದ. ಹೇಳಿದ ಮೇಲೆ ಅವನ ಮುಖ ಬದಲಾಯಿತು. ಒಂದು ಗಳಿಗೆ ನನ್ನನ್ನು ನೋಡಿ, ಕೊಡೆ ಬಿಚ್ಚಿ, "ಮಧ್ಯಾಹ್ನ ಹನ್ನೆರಡೂವರೆಗೆ ಬನ್ನಿ. ಮೊದಲು ಬಂದ್ರೆ ಎಲೆ ಹಾಕಿರುದಿಲ್ಲ, ಆಮೇಲೆ ಬಂದ್ರೆ ಬಾಗಿಲು ತೆಗೆದಾಗಿರ್ತದೆ," ಎಂದು ಹೇಳಿ ನಡೆದುಬಿಟ್ಟ. ಅಷ್ಟು ದಿನ ಗಂಟಲಲ್ಲಿದ್ದದ್ದು ಅಂತೂ ಹೊರಗೆ ಬಂತು.

ಮಂಗಳವಾರ ಬಸ್ಸಿಳಿದು, ತೋಡಿನ ಮೇಲಿನ ಮರದ ಸಂಕ ದಾಟಿ, ಉಗ್ರಾಣಿಯ ಹಿಂದೆ ನಡೆದೆ. ನನ್ನ ಚೀಲದಲ್ಲಿ ಒಂದು ಬಿಳಿ ಕಾಗದ, ಪೆನ್ನು, ಚೀಟಿಗಳ ಕಟ್ಟು. ಇದು ತಪ್ಪಿದರೆ ನನಗೆ ವರ್ಗ, ಅವಳಿಗೆ ಹಿಂದಿನ ಜಗಲಿ.

ಅಂಗಳಕ್ಕೆ ಕಾಲಿಡುವಾಗಲೇ ಕೋಳಿ ಸಾರಿನ ಪರಿಮಳ ಬಂತು. ಮನೆಯವರೆಲ್ಲ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಚಾವಡಿಯ ಬಾಗಿಲು ಮುಚ್ಚಿತ್ತು. ಸರಿಯಾದ ಹೊತ್ತಿಗೇ ಬಂದಿದ್ದೆ. ಅವರ ನಡುವೆ, ಕಂಬಕ್ಕೆ ಒರಗಿ, ಕೈಗೆ ಹತ್ತಿದ ಅರಶಿನವನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಒಬ್ಬ ವೃದ್ಧೆ ಕೂತಿದ್ದರು. ಅಡುಗೆ ಮಾಡಿ, ಬಡಿಸಿ ಬಂದವರ ಕೈ ಅದು. ನನ್ನನ್ನು ಕಂಡು ಅವರ ಕೈ ಅಲ್ಲೇ ನಿಂತಿತು. ಕೈ ನೋಡಿಯೇ ಗುರುತು ಹಿಡಿದೆ. ಏಳಲಾಗದೆ ಕಂಬಳಿಯೊಳಗೆ ಮಲಗಿದ್ದವರು!

ಯಜಮಾನರು ಎದ್ದು ನಿಂತರು. "ಇವತ್ತು ಎಂತಕ್ಕೆ ಬಂದದ್ದು? ಮನೆಯಲ್ಲಿ ಕಾರ್ಯ ಉಂಟು."

"ಗೊತ್ತುಂಟು ಯಜಮಾನ್ರೆ. ಹೆಚ್ಚು ಹೊತ್ತು ಇಲ್ಲ. ಒಂದೇ ಸಾಲು. 'ನನ್ನ ತಾಯಿ ಬದುಕಿದ್ದಾರೆ' ಅಂತ ಬರೆದು ಒಂದು ಸಹಿ ಹಾಕಿ. ತಹಶೀಲ್ದಾರರು ಹೇಳಿದ್ದಾರೆ, ಫೈಲು ಮುಚ್ಚುತ್ತಾರೆ. ಮತ್ತೆ ನಾನು ಈ ಅಂಗಳಕ್ಕೆ ಬರುದಿಲ್ಲ."

ಕಾಗದವನ್ನೂ ಪೆನ್ನನ್ನೂ ಜಗಲಿಯ ಮೇಲೆ ಇಟ್ಟೆ.

ಅವರು ಕಾಗದ ನೋಡಿದರು. ಆಮೇಲೆ ಮುಚ್ಚಿದ ಬಾಗಿಲು ನೋಡಿದರು. "ನಾಳೆ ನಾನೇ ಕಚೇರಿಗೆ ಬಂದು ಬರೆದು ಕೊಡ್ತೇನೆ," ಎಂದರು.

"ನಾಳೆ ಬರೆಯುದನ್ನು ಇವತ್ತೇ ಬರೆದ್ರೆ ಎಂತ? ಪೆನ್ನು ಉಂಟು, ಕಾಗದ ಉಂಟು, ನೀವೂ ಇದ್ದೀರಿ."

"ಇವತ್ತು ಆಗುದಿಲ್ಲ."

"ಯಾಕೆ ಯಜಮಾನ್ರೆ?"

ಅವರು ಪೆನ್ನು ತೆಗೆದುಕೊಂಡರು. ಕಾಗದದ ಮೇಲೆ ಬಾಗಿದರು. ಒಂದು ಅಕ್ಷರವೂ ಬೀಳಲಿಲ್ಲ. ತಹಶೀಲ್ದಾರರ ಎದುರು ಕೂತು ಹತ್ತು ಸುಳ್ಳು ಬರೆಯಬಲ್ಲ ಮನುಷ್ಯ. ಆದರೆ ಒಳಗೆ ಎಲೆಯ ಮುಂದೆ ತಾಯಿ ಕೂತಿದ್ದಾಳೆ. ಈಗ ತಾನೇ ಹೆಸರು ಹಿಡಿದು, ಬಾ ಅಮ್ಮಾ ಉಣ್ಣು ಎಂದು ಕರೆದು ಬಾಗಿಲು ಹಾಕಿ ಬಂದಿದ್ದಾನೆ.

ಆಗ ಕಂಬಕ್ಕೆ ಒರಗಿದ್ದ ವೃದ್ಧೆ ಮಾತಾಡಿದರು. ಮಾತಿಲ್ಲ ಎಂದು ಹೇಳಿಸಿಕೊಂಡವರ ದನಿ ಗಂಟೆಯ ಹಾಗಿತ್ತು.

"ಬರೀಬೇಡ ಮಗಾ. ಅಕ್ಕ ಒಳಗೆ ಊಟಕ್ಕೆ ಕೂತಿದ್ದಾಳೆ, ಎಲ್ಲ ಕೇಳ್ತದೆ ಅವಳಿಗೆ. ಬದುಕಿದ್ದಾಳೆ ಅಂತ ಬರೆದ್ರೆ ಆ ಎಲೆ ಯಾರಿಗೆ ಹಾಕಿದ್ದು? ಎರಡು ವರ್ಷದಿಂದ ಅವಳ ಬೆರಳಾಗಿ ನನ್ನ ಬೆರಳು ಒತ್ತಿ ಒತ್ತಿ ನನಗೆ ನಿದ್ದೆ ಇಲ್ಲ. ಇದ್ದದ್ದು ಇದ್ದ ಹಾಗೆ ಬರೆದುಬಿಡು."

ಯಜಮಾನರು ಬರೆದರು. ಅವರ ಅಕ್ಷರ ತುಂಬಾ ಚೆಂದ, ಹಳೆಯ ಕಾಲದ ದುಂಡು ಬರಹ. 'ನನ್ನ ತಾಯಿಯವರು ಎರಡು ವರ್ಷದ ಹಿಂದೆ ತೀರಿಕೊಂಡಿದ್ದಾರೆ. ಆ ಮೇಲೆ ಬಂದ ಹಣವನ್ನು ಸರಕಾರಕ್ಕೆ ವಾಪಸು ಕಟ್ಟುತ್ತೇನೆ.' ಎರಡನೆಯ ಸಾಲು ನಾನು ಕೇಳಿದ್ದಲ್ಲ. ಅದನ್ನು ಅವರು ನನಗೆ ಬರೆದದ್ದಲ್ಲ ಎಂದು ಈಗಲೂ ನಂಬಿದ್ದೇನೆ.

ಸಹಿ ಹಾಕಿ, ಪೆನ್ನು ನನಗೆ ಕೊಟ್ಟು, ಗಟ್ಟಿಯಾಗಿ ಕೆಮ್ಮಿ ಬಾಗಿಲು ತೆರೆದರು.

ನಾನು ಹೊರಡಲು ಎದ್ದೆ. ಯಜಮಾನರು ಹಿಂದಿನಿಂದ, "ಕೂತುಕೊಳ್ಳಿ. ಇವತ್ತು ಬಂದವರು ಊಟ ಮಾಡದೆ ಹೋಗ್ಲಿಕ್ಕಿಲ್ಲ," ಎಂದರು. ದನಿಯಲ್ಲಿ ಸಿಟ್ಟು ಇತ್ತು, ಆದರೂ ಕರೆದರು. ನಾನು ಕೂತೆ. ನನ್ನಷ್ಟು ಚೆನ್ನಾಗಿ ಆ ದಿನ ಯಾರೂ ಉಂಡಿರಲಾರರು. ಕಂಬಳಿಯ ಅಜ್ಜಿ ತಾವೇ ಬಡಿಸಿದರು. ಎರಡನೆಯ ಸಲ ಸಾರು ಹಾಕುವಾಗ, "ಇನ್ನೂ ಸ್ವಲ್ಪ ಹಾಕ್ಲಾ ಮಗಳೇ?" ಎಂದರು. ಹಾಕಿಸಿಕೊಂಡೆ. ಉಗ್ರಾಣಿ ಜಗಲಿಯ ತುದಿಯಲ್ಲಿ ಕೂತು ಮೂರು ಸಲ ಹಾಕಿಸಿಕೊಂಡ.

ಗದ್ದೆಯ ಬದುವಿನಲ್ಲಿ ವಾಪಸು ಬರುವಾಗ ಚೀಲವನ್ನು ಎದೆಗೆ ಅವಚಿಕೊಂಡಿದ್ದೆ. ಗೆದ್ದೆ ಎಂದು ಕೂಗಬೇಕೆನಿಸಿತು. ಕೂಗಿಯೂ ಬಿಟ್ಟೆ, ಸಂಕ ದಾಟಿದ ಮೇಲೆ, ಕೇಳುವವರು ಉಗ್ರಾಣಿ ಮಾತ್ರ ಇದ್ದಾಗ. ಅವನು ಕೊಡೆಯನ್ನು ಮೇಲೆತ್ತಿ ಒಮ್ಮೆ ಕುಣಿಸಿದ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ಮಾತ್ರ ಖುಷಿಪಡಲಿಲ್ಲ. "ಉಣ್ಣುತ್ತಿದ್ದವರನ್ನು ಸಾಕ್ಷಿಗೆ ಕರೆದ್ಯಾ ನೀನು?" ಎಂದು ಬೈದಳು. ಹೌದು, ಕರೆದೆ. ಊರಿನಲ್ಲಿ ಬಾಯಿ ಬಿಡಬಲ್ಲ ಸಾಕ್ಷಿ ಅವರೊಬ್ಬರೇ ಇದ್ದರು.

ತಹಶೀಲ್ದಾರರು ಕಾಗದವನ್ನು ಎರಡು ಸಲ ಓದಿದರು. ಹೇಗೆ ಬರೆಸಿದಿರಿ ಎಂದು ಕೇಳಿದರು, ಹೇಳಿದೆ. ಘಟ್ಟದ ಮೇಲಿನವರಾದರೂ ಅರ್ಥವಾಯಿತು. "ನಮ್ಮಲ್ಲೂ ಪಕ್ಷಕ್ಕೆ ಎಡೆ ಇಡ್ತೀವಿ ಕಣ್ರೀ," ಎಂದರು. ಯಜಮಾನರು ಚಲನ್ ತುಂಬಿ ಹಣ ಕಟ್ಟಿದರು. ಕೂತಲ್ಲೇ ಸಹಿ ಹಾಕಿದ ಗ್ರಾಮ ಲೆಕ್ಕಿಗರಿಗೆ ಮೆಮೊ ಹೋಯಿತು. ಹೆಡ್‌ಗುಮಾಸ್ತರು ಎರಡು ದಿನ ನನ್ನ ಮುಖ ನೋಡದೆ, ಮೂರನೆಯ ದಿನ ಅವರ ಲೆಕ್ಕದಲ್ಲಿ ನನಗೆ ಚಾ ತರಿಸಿದರು. ಗೋಳಿಬಜೆ ಸಮೇತ.

ಆಟಿ ಮುಗಿಯಲು ಇನ್ನೂ ಐದು ದಿನ ಇರುವಾಗ ಬೀಡಿಯವಳ ಮಂಜೂರಾತಿ ಆದೇಶ ಟೈಪಾಯಿತು. ಅದನ್ನು ಅಂಚೆಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ನಾನೇ ತೆಗೆದುಕೊಂಡು ಹೋದೆ. ಅವಳ ಗುಡಿಸಲು ಆ ದೊಡ್ಡ ಮನೆಯ ಜಾಗದಲ್ಲೇ ಇತ್ತು. ಅವಳು ಒಲೆಯ ಮುಂದೆ ಕೂತು ಊದುಕೊಳವೆಯಲ್ಲಿ ಊದುತ್ತಿದ್ದಳು. ಓದಿ ಹೇಳಿದೆ. ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು, ಕಾಣದೆ ಕೆನ್ನೆಗೆ ಒತ್ತಿಕೊಂಡಳು.

"ಯಾರ ಜಾಗ ಅಮ್ಮಾ ಇದು?"

"ದೊಡ್ಡ ಮನೆಯ ಅಮ್ಮನವರದ್ದು. ಅವರು ತೀರಿಹೋಗಿ ಎರಡು ವರ್ಷ ಆಯ್ತಂತೆ," ಎಂದೆ. ಆಮೇಲೆ ಕೇಳಿದೆ, "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತ? ಹೆಣ ಮೀಯಿಸಿದ್ದೇ ನಾನು."

ಎರಡು ವರ್ಷ, ತನಗೆ ಬರಬೇಕಾದದ್ದು ಎಲ್ಲಿ ಸಿಕ್ಕಿಕೊಂಡಿದೆ ಎಂದು ಗೊತ್ತಿದ್ದೂ, ನನ್ನ ಮೇಜಿನ ಮುಂದೆ ಕೂತು ಅವಳು ಬಾಯಿ ಮುಚ್ಚಿಕೊಂಡಿದ್ದಳು. ಹೇಳಿದ್ದರೆ ಈ ಒಲೆಯೇ ಉಳಿಯುತ್ತಿರಲಿಲ್ಲ. ಸೋಣ ತಿಂಗಳಲ್ಲಿ ಅಣ್ಣನ ಮಗ ಬಂದ. ಅವಳು ಅವನಿಗೆ ತನ್ನ ಒಲೆಯಲ್ಲಿ ಬೇಯಿಸಿದ ಗಂಜಿ ಬಡಿಸಿ, ಒಬ್ಬನನ್ನೇ ವಾಪಸು ಕಳುಹಿಸಿದಳು.

ಅಂದಿನಿಂದ ಪ್ರತಿ ವರ್ಷ ಪಟ್ಟಿಯ ಹೊತ್ತಿಗೆ ಅವಳು ಪಕ್ಕದ ಮನೆಯ ಹೆಂಗಸಿನ ಭುಜ ಹಿಡಿದುಕೊಂಡು ಕಚೇರಿಗೆ ಬರುತ್ತಿದ್ದಳು. ಬರಬೇಕಾದ ಅಗತ್ಯ ಇರಲಿಲ್ಲ, ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ನನ್ನ ಮೇಜಿನ ಮುಂದೆ ನಿಂತು, ಕಚೇರಿಗೆಲ್ಲ ಕೇಳುವ ಹಾಗೆ, "ನಾನು ಉಂಟು ಅಮ್ಮಾ. ಬರ್ಕೊಳ್ಳಿ," ಎನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಆರು ವರ್ಷ ಬರೆದುಕೊಂಡೆ.

ಏಳನೆಯ ವರ್ಷ, ಪಟ್ಟಿಯ ಕಾಲಕ್ಕೆ ಇನ್ನೂ ಬಹಳ ದಿನ ಇರುವಾಗ, ಅಂಚೆಯಲ್ಲಿ ಒಂದು ಕಾರ್ಡು ಬಂತು. ವಿಳಾಸ ತಹಶೀಲ್ದಾರರಿಗೆ. ಬರಹ ಅವಳ ಊರಿನ ಅಂಚೆಯವನದ್ದು, ನನಗೆ ಪರಿಚಯದ ಕೈ. ಶಾಯಿ ಸ್ವಲ್ಪ ಮಾಸಿತ್ತು. ಮೇಲೆ ಹಾಕಿದ ತಾರೀಖು ಮಾತ್ರ ಹೊಸ ಶಾಯಿಯಲ್ಲಿತ್ತು, ಮೂರು ದಿನದ ಹಿಂದಿನದ್ದು.

'ನಾನು ಈ ದಿನ ತೀರಿಹೋಗಿದ್ದೇನೆ. ನನ್ನ ಹಣವನ್ನು ನಿಲ್ಲಿಸಬೇಕು. ಪಕ್ಕದ ಮನೆಯವಳ ಅರ್ಜಿ ನಿಮ್ಮಲ್ಲಿ ಉಂಟು. ಜಾಗ ಅವಳಿಗೆ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ.'

ಕೆಳಗೆ ಹೆಬ್ಬೆಟ್ಟು.

ಬದುಕಿರುವಾಗಲೇ ಬರೆಸಿ, ಬೆರಳೊತ್ತಿ, ತಾರೀಖಿನ ಜಾಗ ಖಾಲಿ ಬಿಟ್ಟು ಅಂಚೆಯವನ ಕೈಯಲ್ಲಿ ಇಟ್ಟಿದ್ದಳು. ನಾನು ಕಚೇರಿಯಲ್ಲಿ, ಎಲ್ಲರ ಎದುರು, ತಡೆಯಲಾರದೆ ಅತ್ತೆ. ಅತ್ತು ಮುಗಿಸಿ ಕಾರ್ಡು ಹಿಡಿದುಕೊಂಡು ತಹಶೀಲ್ದಾರರ ಕೋಣೆಗೆ ಹೋದೆ. ಆಗ ಇದ್ದವರು ಹೊಸಬರು, ಪ್ರಾಯದವರು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, "ಸತ್ತವರು ಅರ್ಜಿ ಕೊಡೋದು ಎಲ್ಲಾದ್ರೂ ಉಂಟೇನ್ರೀ? ಇದರ ಮೇಲೆ ಹೇಗೆ ಆದೇಶ ಮಾಡಲಿ?" ಎಂದರು.

ನಾನು ನನ್ನ ಮೇಜಿಗೆ ಬಂದು ಅವಳ ಚೀಟಿಗಳನ್ನು ತೆಗೆದೆ. ಭೂತಗನ್ನಡಿ ಹಿಡಿದು, ಸವೆದು ನುಣ್ಣಗಾದ ಆ ಬೆರಳಿನ ಉಳಿದ ನಾಲ್ಕು ಗೆರೆಗಳನ್ನು ಒಂದೊಂದಾಗಿ ನೋಡಿದೆ. ಆಮೇಲೆ ಟಿಪ್ಪಣಿ ಹಾಳೆಯಲ್ಲಿ ಬರೆದೆ: 'ಹೆಬ್ಬೆಟ್ಟು ತಾಳೆಯಾಗುತ್ತದೆ. ಅರ್ಜಿದಾರರು ಹೇಳಿರುವುದು ಸತ್ಯ.'

ತಹಶೀಲ್ದಾರರು ಓದಿ, ಒಂದು ಗಳಿಗೆ ನನ್ನ ಮುಖ ನೋಡಿ, ಸಹಿ ಹಾಕಿದರು. ಮುಂದಿನ ತಿಂಗಳ ಮನಿಯಾರ್ಡರು ಪಕ್ಕದ ಮನೆಗೆ ಹೋಯಿತು.